ಮುಖ ಬೇಡ, ದನಿ ಸಾಕು: ಊರಿನ ಮಕ್ಕಳ ಜೊತೆ ವಾರದ ಸುದ್ದಿ ಮಾಡುವುದು ಹೇಗೆ

ಮಕ್ಕಳ ಕೈಗೆ ಮೊಬೈಲ್ ಕೊಡಬೇಕಾ ಬೇಡವಾ ಅಂತ ನಮ್ಮ ಬೀದರ, ಕಲಬುರಗಿ, ಯಾದಗಿರಿ ಕಡೆ ಎಷ್ಟು ಭಾಷಣ ಬೇಕಾದರೂ ಸಿಗುತ್ತದೆ. ಫ್ಲೆಕ್ಸ್ ಕಟ್ಟಿ, ಮಕ್ಕಳನ್ನು ಎರಡು ತಾಸು ನೆಲದ ಮೇಲೆ ಕೂರಿಸಿ ಹೇಳುತ್ತಾರೆ. ಮನೆಗೆ ಹೋದ ಮೇಲೆ ಅದೇ ಮಕ್ಕಳು ಅಪ್ಪನ ಫೋನ್ ಇಸ್ಕೊಂಡು ರೀಲ್ಸ್ ನೋಡುತ್ತಾರೆ. ಆ ಚರ್ಚೆ ಇಲ್ಲಿ ಬೇಡ. ಫೋನ್ ಮನೆಯೊಳಗೆ ಬಂದಾಗಿದೆ, ಇನ್ನು ಹೊರಗೆ ಹೋಗುವುದಿಲ್ಲ. ಆ ಫೋನಿನಿಂದ ಮಕ್ಕಳೇ ತಮ್ಮೂರಿನ ಸುದ್ದಿ ಮಾಡುವುದು ಹೇಗೆ, ಮಾಡುವಾಗ ಅವರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವುದು ಹೇಗೆ, ಅಷ್ಟು ಬರೆಯುತ್ತೇನೆ. ಶಿಕ್ಷಕರು, ಗ್ರಂಥಪಾಲಕರು, ಊರಲ್ಲೇ ಇರುವ ಡಿಗ್ರಿ ಓದುವ ಅಕ್ಕ-ಅಣ್ಣಂದಿರು ಯಾರು ಬೇಕಾದರೂ ಮಾಡಬಹುದು.

ಮಾಡಬೇಕಾದ್ದು ಇಷ್ಟೇ. ವಾರಕ್ಕೊಮ್ಮೆ ಐದು ನಿಮಿಷದ ಆಡಿಯೊ ಸುದ್ದಿ. ಜೊತೆಗೆ ಒಂದು ಗೋಡೆ ಪತ್ರಿಕೆ. ವಿಡಿಯೊ ಇಲ್ಲ.

ವಿಡಿಯೊ ಯಾಕಿಲ್ಲ ಅಂತ ಮಕ್ಕಳು ಮೊದಲ ದಿನವೇ ಕೇಳುತ್ತಾರೆ, ಮುಖ ಸಪ್ಪಗೆ ಮಾಡುತ್ತಾರೆ. ನೇರವಾಗಿ ಹೇಳಿಬಿಡಿ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರಲ್ಲಿ ಮಕ್ಕಳು ನಾಟಕ ಆಡಿದರು. ಅದರ ವಿಡಿಯೊ ಫೇಸ್‌ಬುಕ್ಕಿಗೆ ಹೋಯಿತು. ಅಲ್ಲಿಂದ ದೇಶದ್ರೋಹದ ಕೇಸಾಯಿತು, ಒಂದು ಮಗುವಿನ ತಾಯಿ ಮತ್ತು ಶಿಕ್ಷಕಿ ಜೈಲಿಗೆ ಹೋದರು, ಪೊಲೀಸರು ಶಾಲೆಗೆ ಬಂದು ಮಕ್ಕಳನ್ನು ಮತ್ತೆ ಮತ್ತೆ ವಿಚಾರಿಸಿದರು. 2023ರಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಆ ಕೇಸನ್ನು ರದ್ದು ಮಾಡಿತು. ನಾಟಕ ಸರಿಯೋ ತಪ್ಪೋ ಅನ್ನುವ ವಾದ ಬೇರೆ. ವಿಡಿಯೊ ಹೊರಗೆ ಬಿಟ್ಟವರು ದೊಡ್ಡವರು, ಉತ್ತರ ಹೇಳುತ್ತಾ ಕೂತವರು ಮಕ್ಕಳು. ನಾನು ನೋಡುವುದು ಅದನ್ನು. ಐದು ಸಾವಿರ ಜನ ಇರುವ ಊರಲ್ಲಿ ಮುಖ ಕಂಡರೆ ಮನೆ ಕಂಡ ಹಾಗೇ. ದನಿಯಿಂದಲೂ ಗುರುತು ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ದನಿಯನ್ನು ಯಾರೂ ಸ್ಕ್ರೀನ್‌ಶಾಟ್ ತೆಗೆದು ಕೆಟ್ಟ ಚಿತ್ರಕ್ಕೆ ಅಂಟಿಸುವುದಿಲ್ಲ. ಹೆಣ್ಣುಮಕ್ಕಳ ಮನೆಯವರು ಒಪ್ಪುವುದಕ್ಕೂ ಇದೇ ದೊಡ್ಡ ಕಾರಣ.

ಜಾಗ, ಗುಂಪು

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ, ಒಳ್ಳೆಯ ಜಾಗ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಬಾಗಿಲು ತೆರೆದಿರುತ್ತದೆ, ನಾಲ್ಕು ಜನ ಬಂದು ಹೋಗುತ್ತಿರುತ್ತಾರೆ. ಮಕ್ಕಳ ಜೊತೆ ಕೆಲಸ ಮಾಡುವವರು ಮುಚ್ಚಿದ ಕೋಣೆಯಲ್ಲಿ ಕೂರಲೇಬಾರದು. ನೀವೆಷ್ಟೇ ಒಳ್ಳೆಯವರಾದರೂ ಸರಿ. ಯಾವಾಗಲೂ ಇಬ್ಬರು ದೊಡ್ಡವರಿರಲಿ, ಅವರಲ್ಲಿ ಒಬ್ಬರು ಹೆಂಗಸರಿರಲಿ.

ಆರರಿಂದ ಒಂಬತ್ತನೇ ತರಗತಿಯ ಎಂಟು ಹತ್ತು ಮಕ್ಕಳು ಸಾಕು. ಅರ್ಧ ಹುಡುಗಿಯರು. ಚೆನ್ನಾಗಿ ಓದುವವರನ್ನೇ ಶಾಲೆಯವರು ಕಳಿಸುತ್ತಾರೆ, ಭಾಷಣ ಸ್ಪರ್ಧೆಯಲ್ಲಿ ಗೆದ್ದವರನ್ನು. ಅವರು ಬರಲಿ, ಆದರೆ ತಾಂಡಾದಿಂದ ಬರುವವರು, ಓಣಿಯ ಕೊನೆಯ ಮನೆಯವರು, ಹಾಸ್ಟೆಲ್ ಮಕ್ಕಳು, ತಡೆದು ತಡೆದು ಮಾತಾಡುವವರು ಅರ್ಧಕ್ಕಿಂತ ಜಾಸ್ತಿ ಇರಲಿ. ಊರಿನ ನಿಜವಾದ ಸುದ್ದಿ ಇರುವುದು ಅವರ ಹತ್ತಿರ. ಭಾಷಣದ ಮಕ್ಕಳು ‘ಮಾನ್ಯ ಅಧ್ಯಕ್ಷರೇ’ ಅಂತ ಶುರು ಮಾಡಿ ನಿಮ್ಮ ಟೇಪನ್ನೆಲ್ಲ ತಿಂದುಬಿಡುತ್ತಾರೆ.

ತಂದೆ-ತಾಯಿಯ ಒಪ್ಪಿಗೆ ಬೇಕೇ ಬೇಕು. ನಮ್ಮ ಕಡೆ ಅರ್ಧ ಮನೆಗಳಲ್ಲಿ ಅಪ್ಪ ಅಮ್ಮ ದುಡಿಯುವುದಕ್ಕೆ ಪುಣೆಗೋ ಮುಂಬೈಗೋ ಬೆಂಗಳೂರಿಗೋ ಹೋಗಿರುತ್ತಾರೆ, ಮನೆಯಲ್ಲಿ ಅಜ್ಜಿ ಇರುತ್ತಾಳೆ. ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದು ಮುಗಿಯಿತು ಅನ್ನಬೇಡಿ. ಅಪ್ಪನಿಗೆ ಫೋನ್ ಮಾಡಿ, ಏನು ಮಾಡುತ್ತೇವೆ, ಯಾರು ಕೇಳುತ್ತಾರೆ, ಹೆಸರು ಹೇಳುತ್ತೇವಾ ಇಲ್ವಾ, ಎಲ್ಲ ಹೇಳಿ. ಆಮೇಲೆ ಮಗುವನ್ನೂ ಕೇಳಿ. ಅಪ್ಪ ಹೂಂ ಅಂದು ಮಗು ಬೇಡ ಅಂದರೆ ಬೇಡ. ರೆಕಾರ್ಡಿಂಗ್ ಮುಗಿದ ಮೇಲೆ ಇನ್ನೊಮ್ಮೆ ಕೇಳಿಸಿ, ‘ಕಳಿಸಲಾ?’ ಅಂತ ಕೇಳಿ. ಈ ಎರಡನೇ ಪ್ರಶ್ನೆಗೆ ಬರುವ ಉತ್ತರವೇ ನಿಜವಾದ ಒಪ್ಪಿಗೆ.

ರೆಕಾರ್ಡಿಂಗ್

ಫೋನಿನಲ್ಲಿರುವ ರೆಕಾರ್ಡರ್ ಸಾಕು. ಮೈಕ್ ಕೊಳ್ಳುವ ದುಡ್ಡಿದ್ದರೆ ಮಕ್ಕಳಿಗೆ ಚುರುಮುರಿ ಕೊಡಿಸಿ. ನಮ್ಮ ದೊಡ್ಡ ಸಮಸ್ಯೆ ಕಲ್ಲು. ಶಹಾಬಾದ್ ಫರ್ಸಿ ಹಾಸಿದ, ಕಲ್ಲಿನ ಗೋಡೆಯ ಕೋಣೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಕೇಳುವವರಿಗೆ ಬಾವಿಯೊಳಗಿಂದ ಕೂಗಿದ ಹಾಗಿರುತ್ತದೆ. ಎರಡು ಕೌದಿ ತಂದು ಒಂದನ್ನು ನೆಲಕ್ಕೆ ಹಾಸಿ, ಇನ್ನೊಂದನ್ನು ಮಾತಾಡುವ ಮಗುವಿನ ಎದುರಿನ ಗೋಡೆಗೆ ನೇತುಹಾಕಿ. ಅರ್ಧಕ್ಕರ್ಧ ಸರಿಹೋಗುತ್ತದೆ. ಫೋನ್ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇರಲಿ. ನೇರ ಎದುರಿಗಿಟ್ಟರೆ ‘ಪ’, ‘ಫ’ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಸುದ್ದಿಯ ಮಧ್ಯೆ ಯಾರದೋ ಫೋನ್ ಬಂದು ರಿಂಗ್‌ಟೋನ್. ಫ್ಯಾನ್ ಆರಿಸಿ. ಏಪ್ರಿಲ್, ಮೇನಲ್ಲಿ ಫ್ಯಾನ್ ಆರಿಸಿದರೆ ಮಕ್ಕಳು ಬೆವರಿ ಬೇಯುತ್ತಾರೆ, ಹಾಗಾಗಿ ಬೇಸಿಗೆಯಲ್ಲಿ ಬೆಳಗ್ಗೆ ಏಳಕ್ಕೇ ಮುಗಿಸಿಬಿಡಿ.

ಭಾಷೆ ತಿದ್ದಬೇಡಿ. ‘ಬಸ್ ಯಾಕ ನಿಲ್ಲಸಂಗಿಲ್ರಿ?’ ಅಂತ ಒಬ್ಬಳು ಕೇಳಿದರೆ ಅದನ್ನು ‘ಬಸ್ಸನ್ನು ಏಕೆ ನಿಲ್ಲಿಸುವುದಿಲ್ಲ’ ಅಂತ ಓದಿಸಿ ಕೊಲ್ಲಬೇಡಿ. ತಾಂಡಾದ ಮಕ್ಕಳು ಲಂಬಾಣಿಯಲ್ಲಿ, ಗುರುಮಠಕಲ್ ಕಡೆಯವರು ತೆಲುಗು ಬೆರೆಸಿ, ಔರಾದ್, ಭಾಲ್ಕಿ ಕಡೆಯವರು ಮರಾಠಿ ಬೆರೆಸಿ, ಮನೆಯಲ್ಲಿ ಉರ್ದು ಆಡುವವರು ದಖ್ಖನಿಯಲ್ಲಿ ಒಂದೊಂದು ತುಣುಕು ಹೇಳಲಿ. ಶಾಲೆಯಲ್ಲಿ ಬಾಯಿ ಬಿಡದ ಮಗು ಇಲ್ಲಿ ಮಾತಾಡುವುದನ್ನು ನೋಡಿದರೆ ಸಾರ್‌ಗಳಿಗೇ ಆಶ್ಚರ್ಯ ಆಗುತ್ತದೆ.

ಸುದ್ದಿ ಅಂದರೆ ಯಾವುದು

ಮೊದಲ ವಾರ ಮಕ್ಕಳು ತರುವುದು ಟಿವಿ ಸುದ್ದಿ. ಪ್ರಧಾನಿ ಎಲ್ಲಿಗೋ ಹೋದರು, ಯಾರೋ ಸಿಕ್ಸ್ ಹೊಡೆದರು. ಪರವಾಗಿಲ್ಲ, ಹೇಳಲಿ. ಎರಡನೇ ವಾರ ಒಂದು ಷರತ್ತು ಹಾಕಿ: ನಡೆದುಕೊಂಡು ಹೋಗಿ ನೋಡಿ ಬರಲು ಆಗುವ ಸುದ್ದಿ ಮಾತ್ರ. ಆಗ ನೀರಿನ ಟ್ಯಾಂಕ್ ಬರುತ್ತದೆ, ಶೌಚಾಲಯದ ಬೀಗ ಬರುತ್ತದೆ, ಬಸ್ ಬರುತ್ತದೆ. ಬಿಸಿಯೂಟದ ಮೊಟ್ಟೆ ಒಳ್ಳೆಯ ವಿಷಯ. 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಶಾಲೆಯಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ಬೀದರ, ಕಲಬುರಗಿ, ಯಾದಗಿರಿ ಮೂರೂ ಇದ್ದವು, ಯಾಕೆಂದರೆ ಅಪೌಷ್ಟಿಕತೆ ಇಲ್ಲಿ ಅಷ್ಟಿತ್ತು. ನಮ್ಮ ಶಾಲೆಯಲ್ಲಿ ಈ ವಾರ ಎಷ್ಟು ದಿನ ಮೊಟ್ಟೆ ಬಂತು? ಯಾರು ಬಾಳೆಹಣ್ಣು ತಗೊಂಡರು, ಯಾಕೆ? ಮಗು ಎಣಿಸಿ ಬರೆದುಕೊಂಡು ಬಂದರೆ ಅದು ಸುದ್ದಿ. ಸುಮ್ನೆ ‘ಮೊಟ್ಟೆ ಸರಿಯಾಗಿ ಕೊಡೋದಿಲ್ಲ’ ಅಂದರೆ ಅದು ಮಾತು.

ಎರಡೂ ಕಡೆ ಕೇಳುವುದನ್ನು ಇಲ್ಲೇ ಕಲಿಸಬೇಕು. ಬಸ್ ನಿಲ್ಲಿಸದಿದ್ದರೆ ಕಂಡಕ್ಟರನ್ನೂ ಕೇಳಲಿ. ‘ಶಕ್ತಿ’ ಯೋಜನೆ ಬಂದ ಮೇಲೆ ಬಸ್ ತುಂಬಿ ಬಾಗಿಲಲ್ಲಿ ಜನ ಜೋತಾಡುತ್ತಾರೆ, ನಿಲ್ಲಿಸಿದರೆ ಎಲ್ಲಿ ಹತ್ತಿಸಲಿ ಅಂತ ಅವನೂ ಕೇಳಬಹುದು. ಆಗ ಪ್ರಶ್ನೆ ಡಿಪೊ ಮ್ಯಾನೇಜರ್ ಹತ್ತಿರ ಹೋಗುತ್ತದೆ. ಶಾಲೆ ಹೊತ್ತಿಗೆ ಇನ್ನೊಂದು ಬಸ್ ಬಿಡಲು ಆಗುತ್ತಾ? ಮಕ್ಕಳು ಸಹಿ ಹಾಕಿದ ಪತ್ರ, ಮೇಲೆ ದಿನಾಂಕ, ಕೆಳಗೆ ಎಷ್ಟು ಮಕ್ಕಳು ಆ ದಾರಿಯಲ್ಲಿ ಹೋಗುತ್ತಾರೆ ಅನ್ನುವ ಲೆಕ್ಕ. ಪತ್ರಕ್ಕೆ ಸ್ವೀಕೃತಿ ಪಡೆದುಕೊಳ್ಳುವುದನ್ನು ಹೇಳಿಕೊಡಿ. ದೊಡ್ಡವರಿಗೇ ಗೊತ್ತಿರುವುದಿಲ್ಲ.

ಐದು ನಿಮಿಷದಲ್ಲಿ ಎರಡು ಸುದ್ದಿ, ಒಂದು ಪ್ರಶ್ನೆ, ಒಂದು ಒಗಟು ಅಥವಾ ಅಜ್ಜಿ ಹೇಳಿದ ಕಥೆ. ಒಗಟಿಗೆ ಉತ್ತರ ಮುಂದಿನ ವಾರ. ಸುದ್ದಿಗೋಸ್ಕರ ಅಲ್ಲ, ಒಗಟಿನ ಉತ್ತರಕ್ಕೋಸ್ಕರ ಜನ ಕೇಳುತ್ತಾರೆ, ಕೇಳಲಿ ಬಿಡಿ.

ಗಾಳಿಸುದ್ದಿ

ಇದಕ್ಕೆ ಒಂದು ಪೂರ್ತಿ ದಿನ ಕೊಡಿ. ದೂರದ ಉದಾಹರಣೆ ಬೇಕಾಗಿಲ್ಲ. 2018ರ ಜುಲೈಯಲ್ಲಿ ಹೈದರಾಬಾದಿನಿಂದ ಬೀದರ ಜಿಲ್ಲೆಗೆ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಯಾರೋ ಕೂಗಿದರು. ವಾಟ್ಸ್‌ಆ್ಯಪ್ ಸಂದೇಶ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತು, ಅಲ್ಲಿ ಜನ ಅಡ್ಡಗಟ್ಟಿ ಹೊಡೆದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತೇ ಹೋದ. ಉಳಿದವರಿಗೆ ಜೋರಾಗಿ ಪೆಟ್ಟಾಯಿತು. ಆ ವರ್ಷ ದೇಶದ ಬೇರೆ ಕಡೆಯೂ ಹೀಗೇ ಆಯಿತು, ಅದೇ ಜುಲೈಯಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದಕ್ಕಿಂತ ಜಾಸ್ತಿ ಕಡೆ ಫಾರ್ವರ್ಡ್ ಮಾಡಲಾಗದಂತೆ ಮಿತಿ ತರುವುದಾಗಿ ಹೇಳಿತು.

ಮಕ್ಕಳನ್ನು ಕಾಪಾಡುತ್ತೇವೆ ಅಂತಲೇ ಜನ ಆ ಸಂದೇಶ ಕಳಿಸಿದ್ದು. ಇದನ್ನು ಮಕ್ಕಳ ಮುಂದೆ ಇಟ್ಟು ಸುಮ್ಮನೆ ಕೂತುಬಿಡಿ, ಅವರೇ ಮಾತಾಡುತ್ತಾರೆ. ‘ಆ ಚಾಕೊಲೇಟ್ ತಗೊಂಡ ಮಕ್ಕಳಿಗೆ ಏನನ್ನಿಸಿರಬೇಕು?’ ಅಂತ ಕೇಳಿ ನೋಡಿ.

ಆಮೇಲೆ ಅಭ್ಯಾಸ. ಯಾವ ಸಂದೇಶ ಬಂದರೂ ಮೂರು ಪ್ರಶ್ನೆ: ಮೊದಲು ಹೇಳಿದವರು ಯಾರು, ಯಾವತ್ತಿನದು, ಯಾವೂರಿನದು. ಮೂರಕ್ಕೂ ಉತ್ತರ ಇಲ್ಲದಿದ್ದರೆ ಅದು ನಮ್ಮ ಸುದ್ದಿಯಲ್ಲಿ ಇಲ್ಲ, ನಮ್ಮ ಫೋನಿನಿಂದ ಮುಂದೆ ಹೋಗುವುದೂ ಇಲ್ಲ. ನಿಜವಾಗಿ ಅನುಮಾನ ಬಂದರೆ ತುರ್ತು ಸಹಾಯದ ನಂಬರು 112ಕ್ಕೆ ಫೋನ್ ಮಾಡುವುದು, ಗ್ರೂಪಿಗೆ ಹಾಕುವುದಲ್ಲ. ವಾರದ ಸುದ್ದಿಯಲ್ಲಿ ‘ಈ ವಾರದ ಸುಳ್ಳು’ ಅಂತ ಒಂದು ನಿಮಿಷ ಇಟ್ಟರೆ ಮಕ್ಕಳು ಮನೆಮನೆಯ ಫೋನಿನಿಂದ ಸುಳ್ಳು ಹುಡುಕಿ ತರುತ್ತಾರೆ. ಸ್ಕಾಲರ್‌ಶಿಪ್ ಲಿಂಕು, ಫ್ರೀ ರೀಚಾರ್ಜ್ ಲಿಂಕು ಬೇಕಾದಷ್ಟು ಸಿಗುತ್ತವೆ. ಅಪ್ಪಂದಿರಿಗೆ ಸ್ವಲ್ಪ ಮುಜುಗರ ಆಗುತ್ತದೆ. ಆಗಲಿ.

ಹೆಸರು, ಊರು, ಗುರುತು

ಇಲ್ಲಿ ನಿಧಾನ ಮಾಡಿ, ಯಾಕೆಂದರೆ ದೊಡ್ಡವರು ಜಾಸ್ತಿ ಎಡವುವುದು ಇಲ್ಲೇ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ, ಫೋಟೊ ಮಾತ್ರ ಅಲ್ಲ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದನ್ನೂ ಮಾಧ್ಯಮದಲ್ಲಿ ಹೇಳುವಂತಿಲ್ಲ. ಹೇಳಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇನ್ನೂ ಅಗಲವಾಗಿದೆ. ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ ಮಗು, ರಕ್ಷಣೆ ಬೇಕಾದ ಮಗು, ಸಾಕ್ಷಿ ಹೇಳುವ ಮಗು ಎಲ್ಲರಿಗೂ ಅನ್ವಯಿಸುತ್ತದೆ. ದುಡಿಮೆಗೆ ಹಾಕಿದ ಮಗು, ಬಾಲ್ಯವಿವಾಹದ ಅಪಾಯದಲ್ಲಿರುವ ಹುಡುಗಿ ಕೂಡ ‘ರಕ್ಷಣೆ ಬೇಕಾದ ಮಗು’. ಅಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಈಗ ನಮ್ಮ ಗ್ರೂಪುಗಳಲ್ಲಿ ಬರುವ ಫೋಟೊ ನೆನಪಿಸಿಕೊಳ್ಳಿ. ‘ಬಾಲ್ಯವಿವಾಹ ತಡೆ’ ಅಂತ ತಲೆಬರಹ. ಹುಡುಗಿಯ ಮುಖ ಮಸುಕು, ಪಕ್ಕದಲ್ಲಿ ಅವಳ ಅಪ್ಪ ಅಮ್ಮನ ಮುಖ ಸ್ವಚ್ಛ, ಹಿಂದೆ ಮನೆಯ ಬಾಗಿಲು, ಕೆಳಗೆ ಊರಿನ ಹೆಸರು. ಇದರಲ್ಲಿ ಮುಚ್ಚಿಟ್ಟಿದ್ದು ಏನು? ‘ತಾಂಡಾದ ಏಳನೇ ತರಗತಿ ಹುಡುಗಿ’ ಅಂದರೂ ಸಾಕು, ಆ ತಾಂಡಾದಲ್ಲಿ ಏಳನೇ ತರಗತಿಗೆ ಹೋಗುವ ಹುಡುಗಿಯರು ಇಬ್ಬರೇ ಇರುತ್ತಾರೆ.

ಹಾಗಂತ ವಿಷಯ ಬಿಡಬೇಕಾ? ಬೇಡ. ವಿಷಯ ಹೇಳಿ, ವ್ಯಕ್ತಿ ಬಿಡಿ. ಹುಡುಗಿಗೆ 18, ಹುಡುಗನಿಗೆ 21 ಆಗದೆ ಮದುವೆ ಮಾಡಿದರೆ ಅದು ಅಪರಾಧ, ಕರ್ನಾಟಕ ಮಾಡಿಕೊಂಡ ತಿದ್ದುಪಡಿ ಪ್ರಕಾರ ಆ ಮದುವೆ ಮೊದಲ ದಿನದಿಂದಲೇ ಅಸಿಂಧು. ಇಷ್ಟನ್ನೇ ಒಬ್ಬ ಹುಡುಗಿ ತನ್ನ ಮಾತಿನಲ್ಲಿ ಹೇಳಲಿ. ಶಹಾಪುರ, ಸುರಪುರ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಶಾಲೆಯ ಬೆಂಚು ಖಾಲಿ ಆಗುವುದು ಎಲ್ಲರಿಗೂ ಗೊತ್ತು. ಬೆಂಚಿನ ಬಗ್ಗೆ ಸುದ್ದಿ ಮಾಡಿ, ಯಾವ ಮಗು ಹೋಯಿತು ಅಂತ ಅಲ್ಲ. ಇನ್ನು ಯಾವುದೋ ಮಗುವಿಗೆ ನಿಜವಾಗಿ ಮದುವೆ ನಿಶ್ಚಯವಾಗಿದೆ ಅಂತ ಗೊತ್ತಾದರೆ ಅದು ಸುದ್ದಿಯೇ ಅಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಬೇಕಾದ ಫೋನ್.

ರೆಕಾರ್ಡ್ ಮಾಡುವಾಗ ಮಗು ಏನಾದರೂ ಹೇಳಿದರೆ

ಒಂದಲ್ಲ ಒಂದು ದಿನ ಹೇಳುತ್ತದೆ. ಮಕ್ಕಳಿಗೆ ಕಿವಿ ಕೊಟ್ಟು ಕೇಳುವ ಜಾಗ ಬೇರೆ ಎಲ್ಲೂ ಇರುವುದಿಲ್ಲ. ‘ಆ ಮಾಮ ಹಿಂಗ ಮಾಡ್ತಾನ’ ಅಂತ ಶುರುವಾದ ತಕ್ಷಣ ರೆಕಾರ್ಡರ್ ನಿಲ್ಲಿಸಿ. ಉಳಿದ ಮಕ್ಕಳನ್ನು ಇನ್ನೊಬ್ಬರು ಕರೆದುಕೊಂಡು ಹೋಗಲಿ. ಮಗು ಹೇಳಿದಷ್ಟು ಕೇಳಿ. ‘ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ’ ಅನ್ನಿ. ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳಬೇಡಿ. ತನಿಖೆ ನಿಮ್ಮ ಕೆಲಸ ಅಲ್ಲ. ನಾಲ್ಕು ಜನ ನಾಲ್ಕು ಸಲ ಕೇಳಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಕೇಸೂ ಬಡವಾಗುತ್ತದೆ.

ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ. ಕೊಟ್ಟರೆ ಉಳಿಸಿಕೊಳ್ಳಲು ಆಗುವುದಿಲ್ಲ. ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಅದೇ ಅಪರಾಧ. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ’ ಅನ್ನಿ. 1098 ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಮಗುವೇ ಫೋನ್ ಮಾಡಬಹುದು. ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ, ಮಕ್ಕಳ ರಕ್ಷಣಾ ಘಟಕ ಇವೆ. ಹೇಳಿಕೆ ತೆಗೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಪೋಕ್ಸೊದಲ್ಲೇ ಇದೆ. ಇದು ಗೊತ್ತಿದ್ದರೆ ಠಾಣೆಯಲ್ಲಿ ಧೈರ್ಯವಾಗಿ ಕೇಳಬಹುದು. ಊರ ಹಿರಿಯರನ್ನು ಕೂಡಿಸಿ ಒಳಗೊಳಗೇ ರಾಜಿ ಮಾಡೋಣ ಅಂತ ಯಾರಾದರೂ ಬರುತ್ತಾರೆ. ಅವರಿಗೆ 19ನೇ ಸೆಕ್ಷನ್ ಓದಿ ಹೇಳಿ.

ಫೋಟೊ ಇಟ್ಟುಕೊಂಡು ಹೆದರಿಸುವುದು ಈಗ ಜಾಸ್ತಿ ಕೇಳಿಬರುತ್ತದೆ. ಅಂಥ ಚಿತ್ರವನ್ನು ‘ನೋಡ್ರಿ ಸಾರ್ ಹಿಂಗ್ ಮಾಡ್ಯಾರ’ ಅಂತ ನಿಮಗೂ ಫಾರ್ವರ್ಡ್ ಮಾಡುವುದು ಬೇಡ. ಮಕ್ಕಳ ಅಶ್ಲೀಲ ಚಿತ್ರ ಕಳಿಸುವುದು ಐಟಿ ಕಾಯ್ದೆಯ 67ಬಿ ಸೆಕ್ಷನ್ನಿನಲ್ಲಿ ಅಪರಾಧ, ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ಹೆದರಿಸಿದವನ ನಂಬರು, ಖಾತೆಯ ಹೆಸರು, ದಿನಾಂಕ ಬರೆದಿಟ್ಟುಕೊಳ್ಳಿ, ಚಾಟ್ ಅಳಿಸಬೇಡಿ, ದುಡ್ಡು ಕಳಿಸಬೇಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ‘ಟೇಕ್ ಇಟ್ ಡೌನ್’ ಅನ್ನುವ ಉಚಿತ ಸೇವೆ ಇದೆ. ಅದು ಚಿತ್ರವನ್ನು ಎಲ್ಲಿಗೂ ಅಪ್‌ಲೋಡ್ ಮಾಡುವುದಿಲ್ಲ, ಫೋನಿನಲ್ಲೇ ಅದರ ಗುರುತಿನ ಸಂಖ್ಯೆ ಮಾಡಿ, ಅದರಲ್ಲಿ ಸೇರಿಕೊಂಡಿರುವ ಕಂಪನಿಗಳಿಗೆ ಆ ಸಂಖ್ಯೆ ಕೊಡುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಅದರಲ್ಲಿವೆ.

ಇನ್‌ಸ್ಟಾಗ್ರಾಂ ಮಾತು ಬಂತಲ್ಲ, ಒಂದು ಸಣ್ಣ ಕೆಲಸ. ಖಾತೆಯಲ್ಲಿ ಮಕ್ಕಳು ಹುಟ್ಟಿದ ವರ್ಷ ಸುಳ್ಳು ಹಾಕಿರುತ್ತಾರೆ. ನಿಜವಾದ ವರ್ಷ ಇದ್ದರೆ ಹದಿಹರೆಯದವರ ಖಾತೆ ತಾನಾಗೇ ಪ್ರೈವೇಟ್ ಆಗುತ್ತದೆ. ಸುಳ್ಳು ವರ್ಷ ಹಾಕಿದ ಹದಿನಾಲ್ಕರ ಹುಡುಗಿ ಆ ಕಂಪನಿಯ ಲೆಕ್ಕದಲ್ಲಿ ದೊಡ್ಡ ಹೆಂಗಸು.

ಹಂಚುವುದು

ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಮಕ್ಕಳನ್ನು ಸೇರಿಸಬೇಡಿ. ಗ್ರೂಪಿನಲ್ಲಿರುವ ಎಲ್ಲರಿಗೂ ಎಲ್ಲರ ನಂಬರು ಕಾಣುತ್ತದೆ, ರಾತ್ರಿ ಹನ್ನೊಂದಕ್ಕೆ ‘ಹಾಯ್’ ಬರುವುದು ಹೀಗೇ. ವಾಟ್ಸ್‌ಆ್ಯಪ್ ಚಾನೆಲ್ ಮಾಡಿ, ಅಲ್ಲಿ ಕೇಳುಗರಿಗೆ ಒಬ್ಬರ ನಂಬರು ಒಬ್ಬರಿಗೆ ಕಾಣುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯೂ ಆಗುತ್ತದೆ, ಆದರೆ ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಚಾನೆಲ್ ದೊಡ್ಡವರ ಫೋನಿನಲ್ಲಿರಲಿ.

ಫೋನ್ ಇಲ್ಲದವರಿಗೆ ಗೋಡೆ ಪತ್ರಿಕೆ. ಒಂದು ದೊಡ್ಡ ಹಾಳೆ, ಸ್ಕೆಚ್ ಪೆನ್ನು. ಹಿಟ್ಟಿನ ಗಿರಣಿ ಹತ್ತಿರ ಅಂಟಿಸಿ. ಜೋಳ ಬೀಸಿಸಲು ಬಂದ ಹೆಂಗಸರು ಅಲ್ಲಿ ಕಾಯುತ್ತಾ ನಿಂತಿರುತ್ತಾರೆ, ಓದಲು ಬರದವರಿಗೆ ಮಕ್ಕಳೇ ಓದಿ ಹೇಳುತ್ತಾರೆ. ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ ಹಾಕಿದರೆ ಯಾರೂ ನೋಡುವುದಿಲ್ಲ, ಅಧ್ಯಕ್ಷರೂ ನೋಡುವುದಿಲ್ಲ.

ಕೈ ಪಳಗಿದ ಮೇಲೆ ಕಥೆ, ಒಗಟು, ಹಾಡು ತಗೊಂಡು ಕಲಬುರಗಿ ಆಕಾಶವಾಣಿಗೆ ಪತ್ರ ಬರೆಯಿರಿ. ಶರಣಬಸವೇಶ್ವರ ಸಂಸ್ಥೆಯ ಸಮುದಾಯ ರೇಡಿಯೊ ‘ಅಂತರ್ವಾಣಿ’ 90.8ರಲ್ಲಿದೆ. ಸಮುದಾಯ ರೇಡಿಯೊಗೆ ಸ್ವಂತ ಸುದ್ದಿ ಹಾಕಲು ಅನುಮತಿ ಇಲ್ಲ, ಆಕಾಶವಾಣಿಯ ಸುದ್ದಿ ಮಾತ್ರ ಹಾಕಬಹುದು. ಹಾಗಾಗಿ ನಿಮ್ಮ ಬಸ್ಸಿನ ಕಥೆ ಅಲ್ಲಿ ನಡೆಯದಿರಬಹುದು, ಅಜ್ಜಿಯ ಕಥೆ ನಡೆಯುತ್ತದೆ.

ಓದಿಗೂ ಇದೇ ಫೋನು

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಪ್ರತಿ ಸಲ ಬೇಸರ ಪಟ್ಟು ಮರೆಯುತ್ತೇವೆ. ಸರ್ಕಾರಿ ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ, ‘ದೀಕ್ಷಾ’ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಪಾಠ ಬರುತ್ತದೆ. ಆದರೆ ನೋಡಿದ್ದು ತಲೆಗೆ ಹೋಗುವುದು ತಿರುಗಿ ಹೇಳಿದಾಗ. ವಾರಕ್ಕೊಂದು ಪಾಠವನ್ನು ಒಬ್ಬ ಹುಡುಗ ಎರಡು ನಿಮಿಷದಲ್ಲಿ ತನ್ನ ಮಾತಿನಲ್ಲಿ ರೆಕಾರ್ಡ್ ಮಾಡಲಿ, ವಿಜ್ಞಾನದ ಸಾರ್ ಒಮ್ಮೆ ಕೇಳಿ ತಪ್ಪಿದ್ದರೆ ಹೇಳಲಿ. ಸುಗ್ಗಿಗೆ ಅಪ್ಪ ಅಮ್ಮನ ಹಿಂದೆ ಹೋದ ಗೆಳೆಯನಿಗೂ ಅದು ತಲುಪುತ್ತದೆ.

ನವೆಂಬರ್

ವರ್ಷಕ್ಕೊಮ್ಮೆ ಪಂಚಾಯಿತಿ ಮಕ್ಕಳ ಗ್ರಾಮಸಭೆ ನಡೆಸಬೇಕು, ಸಾಮಾನ್ಯವಾಗಿ ನವೆಂಬರಿನಲ್ಲಿ. ಎಷ್ಟೋ ಕಡೆ ಅದು ಹಾರ, ಬಿಸ್ಕತ್ತು, ಫೋಟೊದಲ್ಲಿ ಮುಗಿಯುತ್ತದೆ. ನಿಮ್ಮ ಮಕ್ಕಳ ಕೈಯಲ್ಲಿ ವರ್ಷದ ಸುದ್ದಿಗಳ ಪಟ್ಟಿ ಇರುತ್ತದೆ: ಯಾವ ಪ್ರಶ್ನೆ ಕೇಳಿದ್ದೆವು, ಯಾವತ್ತು, ಉತ್ತರ ಬಂತೇ ಇಲ್ಲವೇ. ಒಂದು ತಿಂಗಳು ಮೊದಲೇ ಪಿಡಿಒ ಹತ್ತಿರ ದಿನಾಂಕ ಕೇಳಿ. ಸಭೆ ಶಾಲೆ ಬಿಡುವ ಹೊತ್ತಿಗೆ ಮುಗಿಯುವ ಹಾಗಿರಲಿ, ಇಲ್ಲದಿದ್ದರೆ ದೂರದ ಮಕ್ಕಳು ಬಸ್ಸಿಗೆ ಓಡುತ್ತಾರೆ. ಮೂರು ಪ್ರಶ್ನೆ ಸಾಕು, ಮೂವರು ಬೇರೆ ಬೇರೆ ಮಕ್ಕಳು ಕೇಳಲಿ. ಆರೋಗ್ಯ, ಶಿಕ್ಷಣ ಇಲಾಖೆಯವರು, ಪೊಲೀಸರು ಬಂದಿದ್ದಾರಾ ನೋಡಿ, ಬರದವರ ಹೆಸರನ್ನು ನಡಾವಳಿಯಲ್ಲಿ ಬರೆಸಿ. ನಡಾವಳಿಯ ಪ್ರತಿ ಕೇಳಿ ಪಡೆದುಕೊಳ್ಳಿ. ಅದನ್ನೇ ಮುಂದಿನ ವಾರ ಗಿರಣಿ ಗೋಡೆಗೆ ಅಂಟಿಸಿ, ಕೆಲಸ ಆದ ಹಾಗೆ ಪಕ್ಕದಲ್ಲಿ ಮಕ್ಕಳೇ ದಿನಾಂಕ ಹಾಕುತ್ತಾ ಹೋಗಲಿ.